ಫೈಲಿಗೆ ಡಿಜಿಟಲ್ ಸಹಿ: ಕೀ ಜೋಡಿ ತಯಾರಿಸುವುದರಿಂದ ಸಹಿ ಪರೀಕ್ಷಿಸುವವರೆಗೆ

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ವೆಬ್‌ಸೈಟಿಗೆ ಯಾರೋ ನುಗ್ಗಿದರು. 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಬದಲಾಯಿಸಿ, ಹಿಂಬಾಗಿಲು (ಗುಟ್ಟಾಗಿ ಒಳಗೆ ನುಗ್ಗುವ ದಾರಿ) ಇಟ್ಟಿದ್ದ ಬೇರೊಂದು ಐಎಸ್‌ಒ, ಅಂದರೆ ಸಿಸ್ಟಮ್ ಹಾಕಿಕೊಳ್ಳುವ ಫೈಲಿನ ಕಡೆಗೆ ತಿರುಗಿಸಿದರು. ಆ ಲಿಂಕ್ ಒತ್ತಿದವರು ನೋಡಿದ್ದು ಅಸಲಿ ಸೈಟು, ಅಸಲಿ ವಿಳಾಸ. ಕೈಗೆ ಬಂದ ಫೈಲ್ ಮಾತ್ರ ನಕಲಿ.

ಇಂಥ ಕಡೆ "ಹ್ಯಾಶ್ ಸರಿಹೊಂದುತ್ತಾ ನೋಡಿ" ಅನ್ನುವ ಸಲಹೆ ಸಾಲದು. ಹ್ಯಾಶ್ ಅಂದರೆ ಫೈಲಿನ ಒಳಗಿನದ್ದನ್ನೆಲ್ಲ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ. ಹ್ಯಾಶ್ ಬರೆದಿರುವುದೂ ಅದೇ ಸೈಟಿನಲ್ಲಿ ಅಲ್ವಾ? ಲಿಂಕ್ ಬದಲಾಯಿಸಿದವರಿಗೆ ಅದನ್ನು ಬದಲಾಯಿಸುವುದು ಕಷ್ಟವೇನಲ್ಲ. ಡಿಜಿಟಲ್ ಸಹಿಯನ್ನು ಹಾಗೆ ತಿದ್ದಲು ಆಗುವುದಿಲ್ಲ. ಸಹಿ ಹಾಕುವ ಕೀ ಸೈಟಿನಲ್ಲಿ ಇರಬೇಕಾಗಿಯೇ ಇಲ್ಲ. ಅದು ಫೈಲ್ ತಯಾರಿಸಿದವರ ಹತ್ತಿರ ಬೇರೆ ಕಡೆ ಇರುತ್ತದೆ.

ಜಿಎನ್‌ಯು ಪ್ರೈವಸಿ ಗಾರ್ಡ್, ಅಂದರೆ ಜಿಪಿಜಿ ಬಳಸಿ ಈ ಕೆಲಸ ಮಾಡುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಹಿ ಹಾಕುವುದು ಒಂದು ಸಾಲಿನ ಕಮಾಂಡ್. ಪರೀಕ್ಷಿಸುವುದೂ ಒಂದು ಸಾಲು. "ಈ ಪಬ್ಲಿಕ್ ಕೀ ನಿಜವಾಗಿ ಯಾರದ್ದು?" ಅಂತ ಖಚಿತ ಮಾಡಿಕೊಳ್ಳುವುದೇ ಕಷ್ಟದ ಭಾಗ. ಬಹಳ ಜನ ಕಮಾಂಡ್ ಕಲಿತು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ.

ಒಳಗೆ ನಡೆಯುವುದು ಏನು

ಕೀ ಜೋಡಿಯಲ್ಲಿ ಎರಡು ಕೀಗಳಿರುತ್ತವೆ. ಪ್ರೈವೇಟ್ ಕೀ ನಿಮ್ಮಲ್ಲೇ ಉಳಿಯಬೇಕು. ಪಬ್ಲಿಕ್ ಕೀಯನ್ನು ಊರಿಗೆಲ್ಲ ಹಂಚಬಹುದು. ಪಬ್ಲಿಕ್ ಕೀ ನೋಡಿ ಪ್ರೈವೇಟ್ ಕೀಯನ್ನು ಲೆಕ್ಕ ಹಾಕಿ ತೆಗೆಯಲು ಇವತ್ತಿನ ಕಂಪ್ಯೂಟರ್‌ಗಳಿಗೆ ಆಗುವುದಿಲ್ಲ.

ಸಹಿ ಹಾಕುವಾಗ ಜಿಪಿಜಿ ಮೊದಲು ಇಡೀ ಫೈಲನ್ನು ಓದಿ ಹ್ಯಾಶ್ ತೆಗೆಯುತ್ತದೆ. ಫೈಲ್ 2 ಕೆಬಿ ಇರಲಿ, 4 ಜಿಬಿ ಇರಲಿ, ಎಸ್‌ಎಚ್‌ಎ-256 ಆದರೆ ಬರುವುದು 256 ಬಿಟ್ ಮಾತ್ರ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆ ಹ್ಯಾಶ್ ಮೇಲೆ ಪ್ರೈವೇಟ್ ಕೀಯಿಂದ ಲೆಕ್ಕ ಮಾಡಿ ಸಹಿ ತಯಾರಾಗುತ್ತದೆ. ಪರೀಕ್ಷಿಸುವವರು ತಮ್ಮ ಬಳಿ ಇರುವ ಫೈಲಿನ ಹ್ಯಾಶ್ ತೆಗೆದು, ನಿಮ್ಮ ಪಬ್ಲಿಕ್ ಕೀ ಇಟ್ಟುಕೊಂಡು ಸಹಿಯ ಜತೆ ತಾಳೆ ನೋಡುತ್ತಾರೆ.

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಮಾದರಿ ಸಹಿ ತೆಗೆದುಕೊಳ್ಳುತ್ತಾರಲ್ಲ, ಪಬ್ಲಿಕ್ ಕೀ ಹೆಚ್ಚು ಕಡಿಮೆ ಅದರ ಹಾಗೆ. ಚೆಕ್ ಮೇಲಿನ ಸಹಿಯನ್ನು ಅದಕ್ಕೆ ಹೋಲಿಸಿ ನೋಡುತ್ತಾರೆ. ಆದರೆ ಆ ಮಾದರಿ ಸಹಿಯನ್ನೇ ಕಳ್ಳ ಬಂದು ಕೊಟ್ಟು ಹೋಗಿದ್ದರೆ, ಕಳ್ಳನ ಚೆಕ್ಕೆಲ್ಲ ಸರಿಯಾಗಿಯೇ ಕಾಣುತ್ತದೆ.

ಸಹಿ ಹಾಕಿದರೆ ಫೈಲ್ ಗುಟ್ಟಾಗುವುದಿಲ್ಲ ಅನ್ನುವುದೂ ನೆನಪಿರಲಿ. ಯಾರು ಬೇಕಾದರೂ ತೆರೆದು ಓದಬಹುದು. ಗುಟ್ಟಾಗಿ ಇಡಬೇಕು ಅಂದರೆ ಎನ್‌ಕ್ರಿಪ್ಟ್ ಮಾಡಬೇಕು. ಅದು ಬೇರೆ ಕೆಲಸ.

ಜಿಪಿಜಿ ಹಾಕಿಕೊಳ್ಳುವುದು

ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಅನ್ನುವ ಎನ್‌ಕ್ರಿಪ್ಟ್ ಮತ್ತು ಸಹಿ ಮಾಡುವ ಪ್ರೋಗ್ರಾಂ ಹೊರತಂದರು. ಅದೇ ದಾರಿಯಲ್ಲಿ ಜರ್ಮನಿಯ ವರ್ನರ್ ಕಾಖ್ ಬರೆದ ಜಿಪಿಜಿಯ 1.0 ಆವೃತ್ತಿ 1999ರಲ್ಲಿ ಬಂತು. ಪೂರ್ತಿ ಉಚಿತ.

ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇಲ್ಲದಿದ್ದರೆ ಪ್ಯಾಕೇಜಿನ ಹೆಸರು ಗ್ನುಪಿಜಿ. ವಿಂಡೋಸ್‌ಗೆ ಜಿಪಿಜಿ4ವಿನ್ ಹಾಕಿಕೊಳ್ಳಿ. ಅದರ ಜತೆ ಕ್ಲಿಯೋಪಾತ್ರ ಅನ್ನುವ ಕಿಟಕಿ-ಬಟನ್ ಇರುವ ಪ್ರೋಗ್ರಾಂ ಕೂಡ ಬರುತ್ತದೆ. ಮ್ಯಾಕ್‌ಗೆ ಜಿಪಿಜಿ ಸೂಟ್ ಅಥವಾ ಹೋಮ್‌ಬ್ರೂ.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಆಯ್ಕೆಗಳ ಮುಂದೆ ಎರಡು ಹೈಫನ್ ಇರುತ್ತದೆ, ನಡುವೆ ಜಾಗ ಇರುವುದಿಲ್ಲ. ವರ್ಡ್‌ನಲ್ಲೋ ಫೋನಿನ ನೋಟ್ಸ್‌ನಲ್ಲೋ ಬರೆದಿಟ್ಟು ಅಲ್ಲಿಂದ ನಕಲು ಮಾಡಬೇಡಿ. ಅವು ಎರಡು ಹೈಫನ್ನನ್ನು ಒಂದು ಉದ್ದ ಗೀಟು ಮಾಡಿಬಿಡುತ್ತವೆ, ಜಿಪಿಜಿಗೆ ಅರ್ಥವಾಗುವುದಿಲ್ಲ.

ಮೊದಲು ಇದನ್ನು ಕೊಟ್ಟು ಆವೃತ್ತಿ ನೋಡಿಕೊಳ್ಳಿ:

`ಜಿಪಿಜಿ --ವರ್ಷನ್`

2.3 ಅಥವಾ ಅದಕ್ಕಿಂತ ಹೊಸದಿದ್ದರೆ ಮುಂದಿನ ಮೆನು ಇಲ್ಲಿ ಹೇಳಿದ ಹಾಗೇ ಕಾಣುತ್ತದೆ.

ಕೀ ಜೋಡಿ ತಯಾರಿಸುವುದು

`ಜಿಪಿಜಿ --ಫುಲ್-ಜೆನರೇಟ್-ಕೀ`

ಯಾವ ಬಗೆಯ ಕೀ ಬೇಕು ಅಂತ ಒಂದು ಪಟ್ಟಿ ಬರುತ್ತದೆ. ಸಹಿಗೆ ಮಾತ್ರ ಬಳಸುವುದಾದರೆ 10 ಒತ್ತಿ. ಅದು ಇಸಿಸಿ (ಎಲಿಪ್ಟಿಕ್ ಕರ್ವ್ ಬಗೆಯ ಕೀ), ಸಹಿಗೆ ಮಾತ್ರ. ಈಮೇಲ್ ಎನ್‌ಕ್ರಿಪ್ಟ್ ಮಾಡುವ ಆಲೋಚನೆಯೂ ಇದ್ದರೆ 9 ಆರಿಸಿ. 2.2ರಂಥ ಹಳೆಯ ಆವೃತ್ತಿಯಲ್ಲಿ 9, 10 ಎರಡೂ ಕಾಣುವುದಿಲ್ಲ. ಕಮಾಂಡಿಗೆ --ಎಕ್ಸ್‌ಪರ್ಟ್ ಅಂತ ಸೇರಿಸಿದರೆ ಕಾಣುತ್ತವೆ.

ಮುಂದೆ ಯಾವ ಕರ್ವ್ ಅಂತ ಕೇಳುತ್ತದೆ. ಮೊದಲನೆಯದು, ಕರ್ವ್ 25519. ಇದರಿಂದ ಬರುವ ಎಡ್25519 ಸಹಿ 64 ಬೈಟ್, ಪಬ್ಲಿಕ್ ಕೀ 32 ಬೈಟ್. ಹಳೆಯ ಬಗೆಯಾದ ಆರ್‌ಎಸ್‌ಎ 4096ರಲ್ಲಿ ಸಹಿಯೊಂದೇ 512 ಬೈಟ್ ಆಗುತ್ತದೆ. ತೀರಾ ಹಳೆಯ ಸಾಫ್ಟ್‌ವೇರ್ ಇರುವವರ ಜತೆ ವ್ಯವಹಾರ ಇದ್ದರೆ ಮಾತ್ರ ಆರ್‌ಎಸ್‌ಎ. ಉಳಿದವರು ಎಡ್25519 ತೆಗೆದುಕೊಂಡು ಮುಂದೆ ಹೋಗಿ, ಇದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಅವಧಿ ಕೇಳಿದಾಗ 2 ವರ್ಷ ಕೊಡಿ. ಕಮಾಂಡಿನ ಭಾಷೆಯಲ್ಲಿ 2 ಮತ್ತು ವೈ ಅಕ್ಷರ. ಅವಧಿ ಮುಗಿದರೆ ಕೀ ಹಾಳಾಗುತ್ತದೆ ಅಂತ ಹೆದರಿ ಕೆಲವರು ಸೊನ್ನೆ ಕೊಡುತ್ತಾರೆ. ಹಾಗೇನೂ ಆಗುವುದಿಲ್ಲ. ಪ್ರೈವೇಟ್ ಕೀ ಕೈಯಲ್ಲಿದ್ದರೆ ಅವಧಿಯನ್ನು ಯಾವಾಗ ಬೇಕಾದರೂ ಮುಂದಕ್ಕೆ ಹಾಕಬಹುದು, ಮುಗಿದ ಮೇಲೂ ಹಾಕಬಹುದು. ಕೀ ಕಳೆದುಹೋದರೆ ಅದು ತಾನಾಗಿಯೇ ಸತ್ತುಹೋಗಲಿ ಅನ್ನುವುದಕ್ಕೆ ಈ ಅವಧಿ.

ಹೆಸರು, ಈಮೇಲ್ ಕೇಳುತ್ತದೆ. ಇಲ್ಲಿ ಬರೆದದ್ದು ಪಬ್ಲಿಕ್ ಕೀಯ ಜತೆ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಹೊರಗೆ ಕೊಡಬಹುದಾದ ಈಮೇಲನ್ನೇ ಬರೆಯಿರಿ. ಕಾಮೆಂಟ್ ಜಾಗ ಖಾಲಿ ಬಿಡಿ.

ಕೊನೆಗೆ ಪಾಸ್‌ಫ್ರೇಸ್. ನಿಮ್ಮ ಪ್ರೈವೇಟ್ ಕೀ ಡಿಸ್ಕಿನಲ್ಲಿ ಇದರಿಂದಲೇ ಮುಚ್ಚಿಕೊಂಡಿರುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಆರೇಳು ಪದ ಜೋಡಿಸಿ. ಮರೆತರೆ "ಪಾಸ್‌ವರ್ಡ್ ಮರೆತಿರಾ" ಅನ್ನುವ ಲಿಂಕ್ ಇಲ್ಲ. ಕಸ್ಟಮರ್ ಕೇರ್ ಕೂಡ ಇಲ್ಲ.

ಬ್ಯಾಕಪ್ ಈಗಲೇ ತೆಗೆಯಿರಿ

`ಜಿಪಿಜಿ --ಆರ್ಮರ್ --ಔಟ್‌ಪುಟ್ ಗುಟ್ಟು.ಎಎಸ್‌ಸಿ --ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್ ನಿಮ್ಮ-ಈಮೇಲ್`

ಬರುವ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ, ಆಮೇಲೆ ಕಂಪ್ಯೂಟರಿನಿಂದ ಅಳಿಸಿ. ಪೆನ್‌ಡ್ರೈವ್ ಒಂದೇ ಆದರೆ ಅದು ಕೈಕೊಟ್ಟ ದಿನ ಎಲ್ಲ ಹೋದ ಹಾಗೆ, ಎರಡಾದರೂ ಇರಲಿ. ವಿಂಡೋಸ್ ಪವರ್‌ಶೆಲ್ ಬಳಸುವವರು --ಔಟ್‌ಪುಟ್ ಬಿಟ್ಟು ಬಾಣದ ಗುರುತಿನಿಂದ ಫೈಲಿಗೆ ಕಳಿಸಬೇಡಿ. ಅದು ಅಕ್ಷರಗಳನ್ನು ಯುಟಿಎಫ್-16ಕ್ಕೆ ಬದಲಾಯಿಸಿ ಬರೆಯುತ್ತದೆ, ಬ್ಯಾಕಪ್ ಕೆಟ್ಟಿದೆ ಅಂತ ಗೊತ್ತಾಗುವುದು ಬೇಕಾದ ದಿನವೇ.

ಇನ್ನೊಂದು ಫೈಲ್ ಇದೆ. ಕೀ ತಯಾರಾದಾಗಲೇ ಜಿಪಿಜಿ ಒಂದು ರದ್ದತಿ ಪತ್ರವನ್ನೂ ಬರೆದಿಟ್ಟಿರುತ್ತದೆ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ .ಗ್ನುಪಿಜಿ ಒಳಗೆ, ವಿಂಡೋಸ್‌ನಲ್ಲಿ ಆಪ್‌ಡೇಟಾ ಒಳಗಿನ ಗ್ನುಪಿಜಿ ಫೋಲ್ಡರಿನಲ್ಲಿ, ಓಪನ್‌ಪಿಜಿಪಿ-ರೆವಾಕ್ಸ್.ಡಿ ಅನ್ನುವ ಜಾಗದಲ್ಲಿ ಸಿಗುತ್ತದೆ. ಫೈಲಿನ ಹೆಸರು ಕೀಯ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಉದ್ದ ಸಂಖ್ಯೆ), ಕೊನೆಗೆ .ರೆವ್. ಇದನ್ನು ಪ್ರಿಂಟ್ ತೆಗೆದು ಇಟ್ಟರೆ ಇನ್ನೂ ಒಳ್ಳೆಯದು. ಪಾಸ್‌ಫ್ರೇಸ್ ಮರೆತುಹೋದರೂ, ಕೀ ಕಳುವಾದರೂ "ಈ ಕೀ ಇನ್ನು ನಂಬಬೇಡಿ" ಅಂತ ಲೋಕಕ್ಕೆ ಹೇಳಲು ಇದೊಂದು ಸಾಕು. ಆದರೆ ಬೇರೆಯವರ ಕೈಗೆ ಸಿಕ್ಕರೆ ಅವರೂ ನಿಮ್ಮ ಕೀ ರದ್ದು ಮಾಡಬಹುದು, ಹುಷಾರು.

ಪಬ್ಲಿಕ್ ಕೀ ಹಂಚುವುದು

`ಜಿಪಿಜಿ --ಆರ್ಮರ್ --ಔಟ್‌ಪುಟ್ ನನ್ನ-ಕೀ.ಎಎಸ್‌ಸಿ --ಎಕ್ಸ್‌ಪೋರ್ಟ್ ನಿಮ್ಮ-ಈಮೇಲ್`

ಈ ಫೈಲನ್ನು ನಿಮ್ಮ ಸೈಟಿನಲ್ಲಿ ಹಾಕಿ, ಈಮೇಲ್‌ನಲ್ಲಿ ಕಳಿಸಿ, ಹೇಗೆ ಬೇಕಾದರೂ ಕೊಡಿ. ಜತೆಗೆ ಫಿಂಗರ್‌ಪ್ರಿಂಟ್ ತೆಗೆದಿಟ್ಟುಕೊಳ್ಳಿ:

`ಜಿಪಿಜಿ --ಫಿಂಗರ್‌ಪ್ರಿಂಟ್ ನಿಮ್ಮ-ಈಮೇಲ್`

ನಾಲ್ಕು ನಾಲ್ಕು ಅಕ್ಷರದ 10 ಗುಂಪು, ಒಟ್ಟು 40 ಅಕ್ಷರ ಬರುತ್ತದೆ. ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್, ಇಷ್ಟೇ ಅದರಲ್ಲಿರುವುದು. ಕೀ ಹೋದ ದಾರಿಯಲ್ಲೇ ಫಿಂಗರ್‌ಪ್ರಿಂಟ್ ಹೋಗಬಾರದು. ಇದು ಮುಖ್ಯ. ಕೀಯನ್ನು ಈಮೇಲ್‌ನಲ್ಲಿ ಕಳಿಸಿದ್ದರೆ ಫಿಂಗರ್‌ಪ್ರಿಂಟನ್ನು ಫೋನಿನಲ್ಲಿ ಓದಿ ಹೇಳಿ. ಸೈಟಿನಲ್ಲಿ ಹಾಕಿದ್ದರೆ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಎದುರು ಸಿಕ್ಕಾಗ ಕೊಡಿ. ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿಯಲ್ಲಿ ಅದು ಬಯಲಾಗಲಿ ಅಂತ.

ಹೋಲಿಸುವಾಗ 40 ಅಕ್ಷರವನ್ನೂ ಹೋಲಿಸಬೇಕು. ಮೊದಲಿನ ನಾಲ್ಕು, ಕೊನೆಯ ನಾಲ್ಕು ನೋಡಿ ಸರಿ ಅನ್ನುವುದು ನಮಗೆಲ್ಲ ಅಭ್ಯಾಸ, ಬ್ಯಾಂಕ್ ಖಾತೆ ನಂಬರ್ ನೋಡುವ ಹಾಗೆ. ಹಿಂದೆ ಕೀಯನ್ನು ಗುರುತಿಸಲು ಕೊನೆಯ 8 ಅಕ್ಷರ ಮಾತ್ರ ಬಳಸುತ್ತಿದ್ದರು. ಅದೇ 8 ಅಕ್ಷರ ಬರುವಂಥ ಬೇರೆ ಕೀಯನ್ನು ಗ್ರಾಫಿಕ್ಸ್ ಕಾರ್ಡ್ ಬಳಸಿ ಕೆಲವೇ ಸೆಕೆಂಡಿನಲ್ಲಿ ತಯಾರಿಸಬಹುದು ಅಂತ 2014ರಲ್ಲಿ ಎವಿಲ್32 ಅನ್ನುವ ಪ್ರಯೋಗ ತೋರಿಸಿತು. ಹಾಗಾಗಿ ಯಾವುದಾದರೂ ಹಳೆಯ ಸೂಚನೆಯಲ್ಲಿ 8 ಅಕ್ಷರದ ಕೀ ಐಡಿ ಕೊಟ್ಟಿದ್ದರೆ ಅದನ್ನು ಪುರಾವೆ ಅಂದುಕೊಳ್ಳಬೇಡಿ.

ಪಬ್ಲಿಕ್ ಕೀಗಳನ್ನು ಹಾಕಿಟ್ಟು ಹುಡುಕಲು ಬಿಡುವ ಕೀ ಸರ್ವರ್‌ಗಳ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಹಳೆಯ ಕೀ ಸರ್ವರ್‌ಗಳಿಗೆ ಯಾರು ಬೇಕಾದರೂ ಯಾರ ಹೆಸರಿನ ಕೀಯನ್ನಾದರೂ ಹಾಕಬಹುದು. ಅಲ್ಲಿ ನಿಮ್ಮ ಹೆಸರು ಹುಡುಕಿ ಸಿಕ್ಕಿದ ಕೀ ನಿಮ್ಮದೇ ಆಗಿರಬೇಕಿಲ್ಲ. 2019ರಲ್ಲಿ ಶುರುವಾದ ಕೀಸ್.ಓಪನ್‌ಪಿಜಿಪಿ.ಆರ್ಗ್ ಈಮೇಲ್‌ಗೆ ಲಿಂಕ್ ಕಳಿಸಿ ಒಪ್ಪಿಗೆ ಬಂದ ಮೇಲಷ್ಟೇ ಆ ವಿಳಾಸದಡಿ ಕೀ ತೋರಿಸುತ್ತದೆ. ಪರವಾಗಿಲ್ಲ, ಒಂದು ಹೆಜ್ಜೆ ಮುಂದೆ. ಆದರೂ ಫಿಂಗರ್‌ಪ್ರಿಂಟ್ ನೋಡುವ ಕೆಲಸ ತಪ್ಪುವುದಿಲ್ಲ.

ಸಹಿ ಹಾಕುವುದು

`ಜಿಪಿಜಿ --ಆರ್ಮರ್ --ಡಿಟ್ಯಾಚ್-ಸೈನ್ ವರದಿ.ಪಿಡಿಎಫ್`

ಪಾಸ್‌ಫ್ರೇಸ್ ಕೊಟ್ಟ ಮೇಲೆ ಪಕ್ಕದಲ್ಲಿ ವರದಿ.ಪಿಡಿಎಫ್.ಎಎಸ್‌ಸಿ ಅನ್ನುವ ಪುಟ್ಟ ಫೈಲ್ ಬರುತ್ತದೆ. ಇದೇ ಸಹಿ. ಮೂಲ ಫೈಲ್ ಹಾಗೇ ಇರುತ್ತದೆ. ಎರಡನ್ನೂ ಒಟ್ಟಿಗೆ ಕಳಿಸಬೇಕು. --ಆರ್ಮರ್ ಬಿಟ್ಟರೆ ಸಹಿ .ಸಿಗ್ ಅನ್ನುವ ಬೈನರಿ ಫೈಲಾಗಿ ಬರುತ್ತದೆ, ಅದೂ ಸರಿಯೇ.

ಬರೀ --ಸೈನ್ ಅಂತ ಕೊಟ್ಟರೆ ಫೈಲ್ ಮತ್ತು ಸಹಿ ಎರಡೂ ಒಂದೇ ಪೊಟ್ಟಣವಾಗುತ್ತವೆ. ಆಮೇಲೆ ಜಿಪಿಜಿ ಇಲ್ಲದವರಿಗೆ ಅದನ್ನು ತೆರೆಯಲು ಆಗುವುದಿಲ್ಲ. --ಕ್ಲಿಯರ್‌ಸೈನ್ ಬರೀ ಪಠ್ಯಕ್ಕೆ, ಪ್ರಕಟಣೆಗಳಂಥದ್ದಕ್ಕೆ ಸರಿ. ಪಿಡಿಎಫ್, ಝಿಪ್, ಚಿತ್ರ, ಸಾಫ್ಟ್‌ವೇರ್, ಎಲ್ಲಕ್ಕೂ ಬೇರೆ ಫೈಲಾಗಿ ಬರುವ ಸಹಿಯೇ ಒಳ್ಳೆಯದು.

ನಿಮ್ಮಲ್ಲಿ ಎರಡು ಮೂರು ಕೀ ಇದ್ದರೆ --ಲೋಕಲ್-ಯೂಸರ್ ಅಂತ ಸೇರಿಸಿ, ಯಾವ ಕೀ ಅಂತ ಹೇಳಿ. ಇಲ್ಲದಿದ್ದರೆ ಜಿಪಿಜಿ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ.

ಒಂದು ಫೋಲ್ಡರಿನಲ್ಲಿ ಐವತ್ತು ಫೈಲ್ ಇದ್ದರೆ ಐವತ್ತು ಸಹಿ ಬೇಡ. ಎಲ್ಲದರ ಹ್ಯಾಶ್ ಪಟ್ಟಿ ಮಾಡಿ, ಆ ಪಟ್ಟಿಗೆ ಒಂದೇ ಸಹಿ ಹಾಕಿ:

`ಎಸ್‌ಎಚ್‌ಎ256ಸಮ್ *.ಪಿಡಿಎಫ್ > ಪಟ್ಟಿ.ಟಿಎಕ್ಸ್‌ಟಿ`

`ಜಿಪಿಜಿ --ಆರ್ಮರ್ --ಡಿಟ್ಯಾಚ್-ಸೈನ್ ಪಟ್ಟಿ.ಟಿಎಕ್ಸ್‌ಟಿ`

ಇದು ಲಿನಕ್ಸ್‌ನ ಕಮಾಂಡ್. ಮ್ಯಾಕ್‌ನಲ್ಲಿ ಶಾಸಮ್ -ಎ 256, ವಿಂಡೋಸ್ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಇದೇ ಹ್ಯಾಶ್ ಕೊಡುತ್ತವೆ.

ಟರ್ಮಿನಲ್ ಬೇಡ ಅನ್ನುವ ವಿಂಡೋಸ್ ಬಳಕೆದಾರರಿಗೆ ಕ್ಲಿಯೋಪಾತ್ರ ಇದೆ. ಅದರಲ್ಲಿ ಸೈನ್/ಎನ್‌ಕ್ರಿಪ್ಟ್ ಒತ್ತಿ ಫೈಲ್ ಆರಿಸಿ. ಎನ್‌ಕ್ರಿಪ್ಟ್ ಟಿಕ್‌ಗಳನ್ನೆಲ್ಲ ತೆಗೆದು ಸೈನ್ ಒಂದನ್ನೇ ಉಳಿಸಿ. ಪರೀಕ್ಷಿಸಲು ಡಿಕ್ರಿಪ್ಟ್/ವೆರಿಫೈ ಒತ್ತಿ ಸಹಿ ಫೈಲ್ ತೋರಿಸಿದರೆ ಸಾಕು.

ಪರೀಕ್ಷಿಸುವುದು

ಮೊದಲು ನಿಮ್ಮ ಸಹಿಯನ್ನೇ ಪರೀಕ್ಷಿಸಿ ಕೈ ಪಳಗಿಸಿಕೊಳ್ಳಿ. ಸಹಿ ಫೈಲ್ ಮೊದಲು, ಮೂಲ ಫೈಲ್ ಆಮೇಲೆ:

`ಜಿಪಿಜಿ --ವೆರಿಫೈ ವರದಿ.ಪಿಡಿಎಫ್.ಎಎಸ್‌ಸಿ ವರದಿ.ಪಿಡಿಎಫ್`

"ಗುಡ್ ಸಿಗ್ನೇಚರ್" ಅಂತ ಬರಬೇಕು. ಈಗ ಒಂದು ಟೆಕ್ಸ್ಟ್ ಫೈಲಿಗೂ ಹೀಗೇ ಸಹಿ ಹಾಕಿ, ಅದರಲ್ಲಿ ಸುಮ್ನೆ ಒಂದು ಪೂರ್ಣವಿರಾಮ ಸೇರಿಸಿ ಸೇವ್ ಮಾಡಿ. ಮತ್ತೆ ಪರೀಕ್ಷಿಸಿದರೆ "ಬ್ಯಾಡ್ ಸಿಗ್ನೇಚರ್". ಇದನ್ನು ಒಮ್ಮೆ ಕಣ್ಣಾರೆ ನೋಡಿಬಿಡಿ.

ಇನ್ನು ಬೇರೆಯವರ ಸಹಿ. ಡೆಬಿಯನ್‌ನ ಐಎಸ್‌ಒ ಇಳಿಸಿಕೊಂಡಿದ್ದೀರಿ ಅನ್ನಿ. ಅದೇ ಫೋಲ್ಡರಿನಲ್ಲಿ ಎಸ್‌ಎಚ್‌ಎ512ಸಮ್ಸ್ ಅನ್ನುವ ಹ್ಯಾಶ್ ಪಟ್ಟಿ, ಎಸ್‌ಎಚ್‌ಎ512ಸಮ್ಸ್.ಸೈನ್ ಅನ್ನುವ ಅದರ ಸಹಿ, ಎರಡೂ ಇರುತ್ತವೆ. ಇವುಗಳ ಹೆಸರಿನ ಮೊದಲ ಭಾಗ ಇಂಗ್ಲಿಷ್ ದೊಡ್ಡಕ್ಷರದಲ್ಲಿದೆ. ಮೂರನ್ನೂ ಇಳಿಸಿಕೊಳ್ಳಿ.

`ಜಿಪಿಜಿ --ವೆರಿಫೈ ಎಸ್‌ಎಚ್‌ಎ512ಸಮ್ಸ್.ಸೈನ್ ಎಸ್‌ಎಚ್‌ಎ512ಸಮ್ಸ್`

ಮೊದಲ ಸಲ ಜಿಪಿಜಿ "ನೋ ಪಬ್ಲಿಕ್ ಕೀ" ಅನ್ನುತ್ತದೆ. ಯಾವ ಕೀಯಿಂದ ಸಹಿಯಾಗಿದೆ ಅಂತಲೂ ತೋರಿಸುತ್ತದೆ. ಇಲ್ಲಿ ಹೆಚ್ಚಿನವರು ಜಾರುತ್ತಾರೆ. ಜಿಪಿಜಿ ತೋರಿಸಿದ ಆ ನಂಬರನ್ನೇ ನಕಲು ಮಾಡಿ, ಆ ಕೀಯನ್ನು ತಂದು, ಮತ್ತೆ ಪರೀಕ್ಷಿಸಿ, "ಗುಡ್" ಬಂತು ಅಂತ ಮುಂದೆ ಹೋಗುತ್ತಾರೆ. ಅದರಿಂದ ಗೊತ್ತಾಗಿದ್ದು ಏನು? ಸಹಿ ಹಾಕಿದವರೇ ಸಹಿ ಹಾಕಿದ್ದಾರೆ ಅಂತ, ಅಷ್ಟೇ. ಕಳ್ಳನೂ ತನ್ನ ಕೀಯಿಂದ ಸಹಿ ಹಾಕಿ ಇಟ್ಟಿರಬಹುದು.

ಸರಿಯಾದ ದಾರಿ ಹೀಗೆ. ಡೆಬಿಯನ್ ತನ್ನ ಸೈಟಿನ ಪರೀಕ್ಷೆಯ ಪುಟದಲ್ಲಿ ಸಹಿಯ ಕೀಗಳ ಫಿಂಗರ್‌ಪ್ರಿಂಟ್ ಪ್ರಕಟಿಸಿದೆ. ಅಲ್ಲಿಂದ ತೆಗೆದುಕೊಳ್ಳಿ. ಐಎಸ್‌ಒ ಬಂದದ್ದು ಯಾವುದೋ ಮಿರರ್ (ಫೈಲ್‌ಗಳ ಪ್ರತಿ ಇಟ್ಟುಕೊಂಡ) ಸರ್ವರಿನಿಂದ, ಫಿಂಗರ್‌ಪ್ರಿಂಟ್ ಬಂದದ್ದು ಮುಖ್ಯ ಸೈಟಿನಿಂದ, ಹಾಗಾಗಿ ಎರಡು ದಾರಿ ಆಯಿತು. ಇನ್ನೂ ಗಟ್ಟಿ ಬೇಕಾದರೆ ಮೊದಲೇ ಡೆಬಿಯನ್ ಬಳಸುತ್ತಿರುವ ಗೆಳೆಯರನ್ನು ಕೇಳಿ, ಅಥವಾ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಆ ಪುಟದ ಹಳೆಯ ಪ್ರತಿ ನೋಡಿ. ನಿನ್ನೆ ಸೈಟಿಗೆ ನುಗ್ಗಿದವರು ಮೂರು ವರ್ಷದ ಹಿಂದಿನ ಪ್ರತಿಯನ್ನು ಬದಲಾಯಿಸಿರುವುದಿಲ್ಲ. ಆಮೇಲೆ ಆ ಪೂರ್ತಿ ಫಿಂಗರ್‌ಪ್ರಿಂಟ್ ಕೊಟ್ಟು ಕೀ ತರಿಸಿ:

`ಜಿಪಿಜಿ --ಕೀಸರ್ವರ್ ಕೀರಿಂಗ್.ಡೆಬಿಯನ್.ಆರ್ಗ್ --ರಿಸೀವ್-ಕೀಸ್ ಪೂರ್ತಿ-ಫಿಂಗರ್‌ಪ್ರಿಂಟ್`

ಮತ್ತೆ ಪರೀಕ್ಷಿಸಿ. "ಗುಡ್ ಸಿಗ್ನೇಚರ್" ಬಂದರೂ ಕೆಳಗೆ ಒಂದು ಎಚ್ಚರಿಕೆ ಇರುತ್ತದೆ: ಈ ಕೀ ನಂಬಿಕೆಯ ಸಹಿಯಿಂದ ದೃಢವಾಗಿಲ್ಲ, ಇದು ಮಾಲೀಕರದ್ದೇ ಅನ್ನುವುದಕ್ಕೆ ಗುರುತಿಲ್ಲ ಅಂತ. ಇದನ್ನು ಕಂಡು ಗಾಬರಿಯಾಗುವವರು ಒಂದು ಕಡೆ, "ಅದು ಯಾವಾಗಲೂ ಬರುತ್ತೆ ಬಿಡಿ" ಅನ್ನುವವರು ಇನ್ನೊಂದು ಕಡೆ. ಜಿಪಿಜಿ ಹೇಳುತ್ತಿರುವುದು ಸರಳ: ಲೆಕ್ಕ ಸರಿ ಇದೆ, ಆದರೆ ಈ ಕೀ ಯಾರದ್ದು ಅಂತ ನೀವು ನನಗೆ ಹೇಳಿಲ್ಲ. ಫಿಂಗರ್‌ಪ್ರಿಂಟ್ ನೋಡಿ ಖಚಿತವಾಗಿದ್ದರೆ ಹೇಳಿಬಿಡಿ:

`ಜಿಪಿಜಿ --ಕ್ವಿಕ್-ಎಲ್‌ಸೈನ್-ಕೀ ಪೂರ್ತಿ-ಫಿಂಗರ್‌ಪ್ರಿಂಟ್`

ಇದು ಆ ಕೀಗೆ ನಿಮ್ಮ ಕೀಯಿಂದ ಹಾಕುವ ಸಹಿ, ನಿಮ್ಮ ಕಂಪ್ಯೂಟರಿನೊಳಗೆ ಮಾತ್ರ ಉಳಿಯುತ್ತದೆ. ಮುಂದಿನ ಸಲದಿಂದ ಎಚ್ಚರಿಕೆ ಬರುವುದಿಲ್ಲ. ಬಂದರೆ ಅದಕ್ಕೆ ಅರ್ಥ ಇದೆ, ಬೇರೆ ಕೀಯಿಂದ ಸಹಿಯಾಗಿದೆ.

ಇಷ್ಟಾದರೂ ಐಎಸ್‌ಒ ಇನ್ನೂ ಪರೀಕ್ಷೆ ಆಗಿಲ್ಲ! ಸಹಿ ಇರುವುದು ಹ್ಯಾಶ್ ಪಟ್ಟಿಗೆ. ಕೊನೆಯ ಹೆಜ್ಜೆ:

`ಎಸ್‌ಎಚ್‌ಎ512ಸಮ್ --ಚೆಕ್ --ಇಗ್ನೋರ್-ಮಿಸ್ಸಿಂಗ್ ಎಸ್‌ಎಚ್‌ಎ512ಸಮ್ಸ್`

ಫೈಲಿನ ಹೆಸರಿನ ಮುಂದೆ "ಓಕೆ" ಬಂದರೆ ಮುಗಿಯಿತು.

"ಬ್ಯಾಡ್ ಸಿಗ್ನೇಚರ್" ಬಂದ ಕೂಡಲೇ ಕಳ್ಳತನ ಅಂದುಕೊಳ್ಳಬೇಕಾಗಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಅದೇ ಚಿತ್ರ, ಬೈಟ್‌ಗಳು ಬೇರೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ವರ್ಡ್ ಫೈಲನ್ನು ತೆರೆದು ಸೇವ್ ಒತ್ತಿದರೂ ಬದಲಾಗುತ್ತದೆ. ಟೆಕ್ಸ್ಟ್ ಫೈಲ್ ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗುವಾಗ ಸಾಲಿನ ಕೊನೆಯ ಗುರುತು ಬದಲಾಗಿರಬಹುದು. ಝಿಪ್ ಮಾಡಿ, ಝಿಪ್‌ಗೆ ಸಹಿ ಹಾಕಿದರೆ ಈ ತಲೆನೋವು ಹೆಚ್ಚು ಕಡಿಮೆ ಇರುವುದಿಲ್ಲ. ಕಾರಣ ಏನೇ ಇರಲಿ, ಫೈಲನ್ನು ಬಳಸಬೇಡಿ, ಮತ್ತೆ ತರಿಸಿಕೊಳ್ಳಿ.

ಸಹಿ ಹೇಳದ ಸಂಗತಿಗಳು

ಬೇರೆಯಾಗಿ ಇಟ್ಟ ಸಹಿಗೆ ಫೈಲಿನ ಹೆಸರು ಗೊತ್ತಿಲ್ಲ. ಒಳಗಿನ ಬೈಟ್‌ಗಳು ಮಾತ್ರ ಗೊತ್ತು. ಯಾರಾದರೂ ನಿಮ್ಮ ಕಳೆದ ವರ್ಷದ ದರಪಟ್ಟಿಗೆ ಈ ವರ್ಷದ ಹೆಸರಿಟ್ಟು, ಹಳೆಯ ಸಹಿಯನ್ನೂ ಹಾಗೇ ಮರುಹೆಸರಿಸಿ ಕಳಿಸಿದರೆ "ಗುಡ್ ಸಿಗ್ನೇಚರ್" ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದು ಇನ್ನೂ ಅಪಾಯ: ದೋಷ ಇರುವ ಹಳೆಯ ಆವೃತ್ತಿಯನ್ನು ಹೊಸದೆಂದು ದಾಟಿಸಬಹುದು. ಹಾಗಾಗಿ ಆವೃತ್ತಿ ಸಂಖ್ಯೆ, ದಿನಾಂಕ ಫೈಲಿನ ಒಳಗೇ ಇರಲಿ. ಹ್ಯಾಶ್ ಪಟ್ಟಿಗೆ ಸಹಿ ಹಾಕಿದರೆ ಅದರಲ್ಲಿ ಹೆಸರುಗಳೂ ಇರುವುದರಿಂದ ಅಷ್ಟರ ಮಟ್ಟಿಗೆ ಒಳ್ಳೆಯದು.

ಸಹಿಯಲ್ಲಿ ತೋರಿಸುವ ಸಮಯ ಕೂಡ ಸಹಿ ಹಾಕಿದವರ ಕಂಪ್ಯೂಟರಿನ ಗಡಿಯಾರದ್ದು. ಗಡಿಯಾರ ಹಿಂದಕ್ಕೆ ತಿರುಗಿಸಿ ಸಹಿ ಹಾಕಿದರೆ ಹಿಂದಿನ ದಿನಾಂಕವೇ ಬರುತ್ತದೆ. "ಈ ದಿನಕ್ಕಿಂತ ಮುಂಚೆ ಇತ್ತು" ಅನ್ನುವುದಕ್ಕೆ ಇದು ಸಾಕ್ಷಿಯಾಗದು.

ಎಲ್ಲಕ್ಕಿಂತ ದೊಡ್ಡದು, ಸಹಿ ಒಳ್ಳೆಯತನಕ್ಕೆ ಸರ್ಟಿಫಿಕೇಟ್ ಅಲ್ಲ. 2024ರ ಮಾರ್ಚ್ 29ರಂದು ಸಾಫ್ಟ್‌ವೇರ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರು ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಬಯಲು ಮಾಡಿದರು. ಅದನ್ನು ಇಟ್ಟಿದ್ದು ಆ ಯೋಜನೆಯ ಅಧಿಕೃತ ನಿರ್ವಾಹಕರಲ್ಲಿ ಒಬ್ಬನಾಗಿ ಬೆಳೆದಿದ್ದ ವ್ಯಕ್ತಿಯೇ. ಸಹಿಯೂ ಅವನದ್ದೇ, ಅದೂ ಸರಿಯಾದ ಸಹಿ.

ಜಿಪಿಜಿ ಜಾಸ್ತಿ ಅನ್ನಿಸಿದರೆ

ಕೋಡ್ ಬರೆಯುವವರ ಬಳಿ ಎಸ್‌ಎಸ್‌ಎಚ್ ಕೀ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಕೀ) ಹೇಗೂ ಇರುತ್ತದೆ. 2019ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.1ರಿಂದ ಅದೇ ಕೀಯಲ್ಲಿ ಫೈಲಿಗೆ ಸಹಿ ಹಾಕಬಹುದು. ಎಸ್‌ಎಸ್‌ಎಚ್-ಕೀಜೆನ್ ಕಮಾಂಡಿಗೆ ದೊಡ್ಡಕ್ಷರದ ವೈ ಆಯ್ಕೆ, ಅದರ ಮುಂದೆ ಸೈನ್ ಅಥವಾ ವೆರಿಫೈ. ಪರೀಕ್ಷಿಸುವವರು ಯಾವ ಈಮೇಲ್‌ಗೆ ಯಾವ ಪಬ್ಲಿಕ್ ಕೀ ಅಂತ ಒಂದು ಪಟ್ಟಿ ಫೈಲ್ ಬರೆದಿಟ್ಟುಕೊಳ್ಳಬೇಕು. ನನಗೆ ಇದು ಇಷ್ಟ. ಯಾರನ್ನು ನಂಬುತ್ತೀರಿ ಅನ್ನುವುದು ಕಣ್ಣೆದುರಿಗೇ ಇರುತ್ತದೆ.

ಮಿನಿಸೈನ್ ಇನ್ನೂ ಸಣ್ಣದು. ಸಹಿ ಬಿಟ್ಟು ಬೇರೇನೂ ಮಾಡುವುದಿಲ್ಲ. ಪಬ್ಲಿಕ್ ಕೀ ಒಂದೇ ಸಾಲು, ಪೋಸ್ಟರಿನಲ್ಲಿ ಅಚ್ಚು ಹಾಕಿಸಬಹುದು. ಫೈಲಿನ ಹೆಸರು ಮತ್ತು ಸಮಯವನ್ನೂ ಸಹಿಯೊಳಗೆ ಸೇರಿಸುತ್ತದೆ, ಅಂದರೆ ಪರೀಕ್ಷಿಸುವಾಗ ಅದು ತೋರಿಸುವ ಹೆಸರನ್ನು ಓದಿ ನೋಡಿದರೆ ಮೇಲೆ ಹೇಳಿದ ಮರುಹೆಸರಿಸುವ ಆಟ ಸಿಕ್ಕಿಬೀಳುತ್ತದೆ.

ಕಾನೂನಿನ ಸಹಿ ಬೇರೆ

ಜಿಪಿಜಿ ಸಹಿಯಿಂದ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಆಗುವುದಿಲ್ಲ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಒಪ್ಪುವ ಡಿಜಿಟಲ್ ಸಹಿಗೆ ಲೈಸೆನ್ಸ್ ಇರುವ ಸರ್ಟಿಫೈಯಿಂಗ್ ಅಥಾರಿಟಿ ಕೊಟ್ಟ ಪ್ರಮಾಣಪತ್ರ ಬೇಕು. ಆಡಿಟರ್‌ಗಳು, ಕಂಪನಿ ನಿರ್ದೇಶಕರು, ಕರ್ನಾಟಕದ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್ ಹಾಕುವ ಗುತ್ತಿಗೆದಾರರು ಬಳಸುವ ಡಿಎಸ್‌ಸಿ ಅದೇ. ಗಣಿತ ಹೆಚ್ಚು ಕಡಿಮೆ ಒಂದೇ. ಕೀ ಯಾರದ್ದು ಅಂತ ಹೇಳುವ ಕೆಲಸವನ್ನು ಇಲ್ಲಿ ಫಿಂಗರ್‌ಪ್ರಿಂಟ್ ಬದಲು ಆ ಅಥಾರಿಟಿ ಮಾಡುತ್ತದೆ. ಪ್ರೈವೇಟ್ ಕೀ ಯುಎಸ್‌ಬಿ ಟೋಕನ್ ಒಳಗಿರುತ್ತದೆ, ಹೊರಗೆ ತೆಗೆಯಲು ಬರುವುದಿಲ್ಲ. ಇಷ್ಟೆಲ್ಲ ಕಾವಲು ಇದ್ದರೂ ಟೋಕನ್ನು, ಪಿನ್ನು ಎರಡನ್ನೂ ಆಡಿಟರ್ ಮೇಜಿನ ಡ್ರಾಯರಿನಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ಮಾಮೂಲಿ. ಅಲ್ಲಿಗೆ ಸಹಿ ನಿಮ್ಮದು, ಕೈ ಅವರದು.

ಇ-ಆಧಾರ್ ಪಿಡಿಎಫ್‌ನಲ್ಲಿ ಹಳದಿ ಪ್ರಶ್ನೆ ಚಿಹ್ನೆ ಮತ್ತು "ವ್ಯಾಲಿಡಿಟಿ ಅನ್‌ನೋನ್" ಅಂತ ಕಾಣುತ್ತದಲ್ಲ, ಅದೂ ಜಿಪಿಜಿಯ ಎಚ್ಚರಿಕೆಯ ಅಣ್ಣತಮ್ಮನೇ. ಸಹಿ ತಪ್ಪು ಅಂತ ಅಲ್ಲ. ಆ ಪ್ರಮಾಣಪತ್ರವನ್ನು ನಂಬಬೇಕಾ ಅಂತ ನಿಮ್ಮ ಪಿಡಿಎಫ್ ರೀಡರಿಗೆ ಯಾರೂ ಹೇಳಿಲ್ಲ.

ಅವಧಿ ಮುಗಿದರೆ, ಕೀ ಕಳುವಾದರೆ

ಅವಧಿ ಮುಂದಕ್ಕೆ ಹಾಕಲು:

`ಜಿಪಿಜಿ --ಕ್ವಿಕ್-ಸೆಟ್-ಎಕ್ಸ್‌ಪೈರ್ ಪೂರ್ತಿ-ಫಿಂಗರ್‌ಪ್ರಿಂಟ್ 2ವೈ`

ಆಮೇಲೆ ಪಬ್ಲಿಕ್ ಕೀಯನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿ ಹಳೆಯದು ಇದ್ದ ಕಡೆಯೆಲ್ಲ ಹಾಕಿ. ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ, ಕಾರ್ಡ್ ಮತ್ತೆ ಅಚ್ಚು ಹಾಕಿಸಬೇಕಾಗಿಲ್ಲ.

ಲ್ಯಾಪ್‌ಟಾಪ್ ಕಳುವಾದರೆ ರದ್ದತಿ ಪತ್ರ ತೆಗೆಯಿರಿ. ಆಕಸ್ಮಿಕವಾಗಿ ಬಳಕೆಯಾಗದಿರಲಿ ಅಂತ ಅದರ "ಬಿಗಿನ್" ಸಾಲಿನ ಗೀಟುಗಳ ಮುಂದೆ ಒಂದು ಕೋಲನ್ ಇಟ್ಟಿರುತ್ತಾರೆ. ಅದನ್ನು ಅಳಿಸಿ, ನಿಮ್ಮ ಪಬ್ಲಿಕ್ ಕೀ ಇರುವ ಕಂಪ್ಯೂಟರಿನಲ್ಲಿ --ಇಂಪೋರ್ಟ್ ಮಾಡಿ. ರದ್ದಾದ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಸೈಟಿಗೂ ಕೀ ಸರ್ವರಿಗೂ ಕಳಿಸಿ. ನಿಮ್ಮ ಕೀ ಇಟ್ಟುಕೊಂಡವರಿಗೆ ನೇರವಾಗಿ ಫೋನ್ ಮಾಡಿ ಹೇಳಿ, ಏಕೆಂದರೆ ಅವರ ಜಿಪಿಜಿ ತಾನಾಗಿ ಹೋಗಿ ಹೊಸ ಸುದ್ದಿ ತರುತ್ತದೆ ಅಂತ ನಂಬಿ ಕೂರಲಾಗದು.

ಹೊಸ ಕೀ ಮಾಡಿಕೊಂಡ ಮೇಲೆ ಹಳೆಯ ಫೈಲ್‌ಗಳಿಗೆಲ್ಲ ಮತ್ತೆ ಸಹಿ ಹಾಕುವ ಅವಸರ ಬೇಡ. ಸೈಟಿನಲ್ಲಿರುವ ಪ್ರತಿಗಳನ್ನು ಮೊದಲು ನಿಮ್ಮ ಹಳೆಯ ಬ್ಯಾಕಪ್‌ನ ಪ್ರತಿಗಳ ಜತೆ ಹ್ಯಾಶ್ ಹೋಲಿಸಿ ನೋಡಿ. ನಡುವೆ ಯಾರಾದರೂ ಬದಲಾಯಿಸಿದ್ದರೆ, ಆ ಬದಲಾದ ಫೈಲಿಗೆ ನೀವೇ ಹೊಸ ಸಹಿ ಒತ್ತಿಕೊಟ್ಟ ಹಾಗಾಗುತ್ತದೆ.